ಮೂಲ ಹಾಡನ್ನು ಮುಟ್ಟಲೇಬಾರದೇ?

ತಿಪಟೂರಿನ ಹಿರಿಯ ಓದುಗರೊಬ್ಬರ ಪತ್ರ: "ತುಮಕೂರಿನಲ್ಲಿ ರಾಜ್ಯೋತ್ಸವದ ರಸಮಂಜರಿ ಕೇಳಿ ಬೇಜಾರಾಯಿತು. ಪಿ.ಬಿ. ಶ್ರೀನಿವಾಸ್ ಹಾಡಿದ ಹಾಡನ್ನು ಒಬ್ಬ ಹುಡುಗಿ ಬರೀ ಕೀಬೋರ್ಡ್ ಜೊತೆ ನಿಧಾನವಾಗಿ ಎಳೆದು ಹಾಡಿದಳು. ಇನ್ನೊಬ್ಬರು ಸ್ಯಾಕ್ಸೋಫೋನಿನಲ್ಲಿ ನುಡಿಸಿದರು, ಮಾತೇ ಇಲ್ಲ. ಹಳೆಯ ಹಾಡನ್ನು ಇದ್ದ ಹಾಗೇ ಹಾಡಬೇಕು, ಇಲ್ಲದಿದ್ದರೆ ಬಿಡಬೇಕು. ನನ್ನ ಮೊಮ್ಮಗಳೂ ಟ್ರ್ಯಾಕ್ (ಗಾಯಕರ ದನಿಯಿಲ್ಲದ, ಬರೀ ಸಂಗೀತದ ರೆಕಾರ್ಡ್) ಹಾಕಿಕೊಂಡು ಕಲಿಯುತ್ತಿದ್ದಾಳೆ. ಅವಳಿಗೆ ಏನು ಹೇಳಲಿ?"

ಸಂಪಾದಕರ ಉತ್ತರ:

ನಿಮ್ಮ ಬೇಜಾರಿನಲ್ಲಿ ಆ ಹಾಡುಗಳ ಮೇಲಿನ ಪ್ರೀತಿ ಎದ್ದು ಕಾಣುತ್ತದೆ. ಆ ಪ್ರೀತಿ ನನಗೂ ಇದೆ. ಆದರೆ 'ಇದ್ದ ಹಾಗೇ' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

1971ರ 'ಕಸ್ತೂರಿ ನಿವಾಸ'ವನ್ನೇ ನೋಡಿ. 'ಆಡಿಸಿ ನೋಡು ಬೀಳಿಸಿ ನೋಡು' ಹಾಡು ಮೊದಲು ನಗುನಗುತ್ತಾ ಬರುತ್ತದೆ. ಕೊನೆಗೆ ಅದೇ ಧಾಟಿ, ಬೇರೆ ಮಾತು ಹೊತ್ತು, ದುಃಖವಾಗಿ ಬರುತ್ತದೆ. ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ತಮ್ಮದೇ ರಾಗವನ್ನು ಒಂದೇ ಸಿನಿಮಾದಲ್ಲಿ ಎರಡು ರೀತಿ ಕೇಳಿಸಿದರು. ಇವುಗಳಲ್ಲಿ ಮೂಲ ಯಾವುದು ಹೇಳಿ? ನಿಧಾನ ಮಾಡಿದ್ದೇ ತಪ್ಪು ಅನ್ನುವುದಾದರೆ ಆ ಕೊನೆಯ ಹಾಡನ್ನೂ ಬಿಡಬೇಕಾಗುತ್ತದೆ.

ನಮ್ಮ ನಾಡಗೀತೆಯೂ ಹಾಗೇ. ಕುವೆಂಪು ಅವರ ಕವನ ಒಂದೇ. ಮೈಸೂರು ಅನಂತಸ್ವಾಮಿ ಅವರ ಧಾಟಿ ಒಂದು, ಸಿ. ಅಶ್ವತ್ಥ್ ಅವರದು ಇನ್ನೊಂದು. 2022ರಲ್ಲಿ ಸರ್ಕಾರ ಅನಂತಸ್ವಾಮಿ ಅವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು ಎಂದು ಗೊತ್ತು ಮಾಡಿತು. ಸರ್ಕಾರಿ ಸಮಾರಂಭಕ್ಕೆ ಅಂಥದ್ದೊಂದು ಕಟ್ಟು ಬೇಕು. ರಸಮಂಜರಿಗೆ ಬೇಡ.

ಇನ್ನು ಕಂಠದ ವಿಷಯ. ಇದು ನಮ್ಮ ಜಿಲ್ಲೆಗೇ ಸೇರಿದ್ದು. ಗುಬ್ಬಿ ಕಂಪನಿಯ ನಾಟಕಗಳ ಕಾಲದಲ್ಲಿ ನಟರು ಮೈಕ್ ಇಲ್ಲದೆಯೇ ಕೊನೆಯ ಸಾಲಿನವರೆಗೂ ಹಾಡನ್ನು ಮುಟ್ಟಿಸಬೇಕಿತ್ತು. ರಾಜ್‌ಕುಮಾರ್ ಆ ಕಂಪನಿಯಲ್ಲಿ ಪಳಗಿದವರು. 1974ರ 'ಸಂಪತ್ತಿಗೆ ಸವಾಲ್'ನಲ್ಲಿ 'ಯಾರೇ ಕೂಗಾಡಲಿ' ಹಾಡಿದಾಗ ಆ ತೆರೆದ ಗಂಟಲು ಹೊರಗೆ ಬಂತು. ಅದಕ್ಕೂ ಮೊದಲು ಅವರಿಗಾಗಿ ಹೆಚ್ಚಾಗಿ ಹಾಡುತ್ತಿದ್ದ ಶ್ರೀನಿವಾಸ್ ಅವರದು ಮೈಕಿನ ಹತ್ತಿರ ನಿಂತು ಮೆಲ್ಲಗೆ ಮಾತಾಡುವಂಥ ಕಂಠ. ಇಬ್ಬರ ಬಾಯಲ್ಲೂ ಕನ್ನಡದ ಒಂದೊಂದು ಅಕ್ಷರವೂ ಸ್ವಚ್ಛ. ಅಕ್ಷರ ಸ್ವಚ್ಛವಾಗಿದ್ದರೆ ಕಂಠ ಯಾವುದಾದರೂ ಹಾಡು ನಿಲ್ಲುತ್ತದೆ ಅನ್ನುವುದು ನನ್ನ ನಂಬಿಕೆ. ಆ ಹುಡುಗಿ ಎಲ್ಲಿ ಉಸಿರು ತೆಗೆದುಕೊಂಡಳು, ನೆನಪಿದೆಯಾ? ನಿಧಾನ ಮಾಡಿದಾಗ ಉಸಿರು ಸಾಲುವುದಿಲ್ಲ. ಪದದ ನಡುವೆ ಉಸಿರು ಎಳೆದರೆ ಅರ್ಥ ತುಂಡಾಗುತ್ತದೆ. ಅಂಥ ಕಡೆ ನೀವು ಬೇಜಾರು ಮಾಡಿಕೊಂಡಿದ್ದರೆ ನಾನೂ ನಿಮ್ಮ ಪಕ್ಷವೇ.

ಬರೀ ಕೀಬೋರ್ಡ್ ಬಗ್ಗೆ ನೀವು ಹೇಳಿದ್ದಂತೂ ಸರಿ. ನಾವು ಹಾಡು ಅಂದರೆ ಹಾಡುವವರನ್ನು ಮಾತ್ರ ನೆನೆಯುತ್ತೇವೆ. ಆ ಕಾಲದಲ್ಲಿ ಮದ್ರಾಸಿನ ಸ್ಟುಡಿಯೋಗಳಲ್ಲಿ ಗಾಯಕರೂ ವಾದ್ಯದವರೂ ಒಟ್ಟಿಗೇ ಕೂತು ರೆಕಾರ್ಡ್ ಮಾಡುತ್ತಿದ್ದರು. ಒಂದು ಪಿಟೀಲು ತಪ್ಪಿದರೂ ಎಲ್ಲರೂ ಮತ್ತೆ ಮೊದಲಿನಿಂದ. ವೆಂಕಟೇಶ್ ಅವರ ಬಳಿ ಗಿಟಾರ್ ನುಡಿಸುತ್ತಾ ಸಹಾಯಕರಾಗಿದ್ದವರು ಇಳಯರಾಜ. ರಾಜನ್–ನಾಗೇಂದ್ರ ಅಣ್ಣತಮ್ಮಂದಿರಲ್ಲಿ ರಾಜನ್ ಪಿಟೀಲು ಕಲಿತವರು, ನಾಗೇಂದ್ರ ಜಲತರಂಗ. ವಾದ್ಯ ಕೈಯಲ್ಲಿ ಹಿಡಿದು ಬೆಳೆದವರು ಹಾಡು ಕಟ್ಟಿದಾಗ ಪಲ್ಲವಿ, ಚರಣಗಳ ನಡುವಿನ ಸಂಗೀತ ಸುಮ್ನೆ ಜಾಗ ತುಂಬುವುದಿಲ್ಲ. ಅದು ಗಾಯಕರನ್ನು ಚರಣದ ಮೊದಲ ಸ್ವರದ ಬಾಗಿಲವರೆಗೂ ಕರೆತಂದು ಬಿಡುತ್ತದೆ. ಅದನ್ನು ತೆಗೆದು ಕೀಬೋರ್ಡಿನಲ್ಲಿ ಎರಡು ಕಾರ್ಡ್ (ಒಟ್ಟಿಗೇ ನುಡಿಯುವ ಸ್ವರಗಳ ಗುಂಪು) ಒತ್ತಿದರೆ ಚರಣ ಎಲ್ಲಿಂದಲೋ ಬಂದು ಬಿದ್ದಂತೆ ಕೇಳುತ್ತದೆ. ವಾದ್ಯ ಕಡಿಮೆ ಇರಲಿ, ತೊಂದರೆಯಿಲ್ಲ. ಒಂದೇ ಕೊಳಲು ಸಾಕು. ಆ ದಾರಿ ಮಾತ್ರ ಇರಲೇಬೇಕು.

ಸ್ಯಾಕ್ಸೋಫೋನಿನವರ ಪರವಾಗಿಯೂ ಒಂದು ಮಾತು. ಒಳ್ಳೆಯ ವಾದಕರು ಮನಸ್ಸಿನಲ್ಲಿ ಸಾಹಿತ್ಯ ಹಾಡಿಕೊಳ್ಳುತ್ತಲೇ ನುಡಿಸುತ್ತಾರೆ. ಒತ್ತಕ್ಷರ ಬಂದ ಕಡೆ ನಾಲಿಗೆಯಿಂದ ಗಾಳಿ ತಡೆದು ಬಿಡುತ್ತಾರೆ. ಆಗ ಕೇಳುವವರಿಗೆ ಮಾತು ತಾನಾಗಿ ಹೊಳೆಯುತ್ತದೆ. ಸಾಹಿತ್ಯ ಗೊತ್ತಿಲ್ಲದವರು ನುಡಿಸಿದರೆ ಬರೀ ಎಳೆತ. ಮುಂದಿನ ಸಲ ಕೇಳುವಾಗ ನೀವು ಒಳಗೊಳಗೇ ಹಾಡಿಕೊಂಡು ನೋಡಿ. ಮಾತು ಸ್ವರದ ಮೇಲೆ ಕೂರುತ್ತದೋ ಜಾರುತ್ತದೋ ತಕ್ಷಣ ಗೊತ್ತಾಗುತ್ತದೆ.

ಮೊಮ್ಮಗಳಿಗೆ ಟ್ರ್ಯಾಕ್ ಬೇಡ ಅನ್ನಬೇಡಿ. ಅದರಿಂದ ತಾಳ ಗಟ್ಟಿಯಾಗುತ್ತದೆ. ಆದರೆ ಗಂಡಸರ ಹಾಡಿನ ಟ್ರ್ಯಾಕ್ ಅವಳ ಶ್ರುತಿಗೆ ಹೊಂದದೇ ಇರಬಹುದು. ಮೊಬೈಲ್‌ನಲ್ಲೇ ಸ್ಕೇಲ್ ಬದಲಿಸಿಕೊಳ್ಳಲಿ, ಗಂಟಲು ಹಿಂಡಿಕೊಂಡು ಹಾಡುವುದು ಬೇಡ. ಮೊದಲು ಎಸ್. ಜಾನಕಿ ಅವರ 'ಮೂಡಲ ಮನೆಯ' ಕೇಳಿಸಿ. ಬೇಂದ್ರೆ ಅವರ ಕವನ, 1967ರ 'ಬೆಳ್ಳಿ ಮೋಡ'ಕ್ಕೆ ವಿಜಯ ಭಾಸ್ಕರ್ ರಾಗ ಹಾಕಿದ್ದು. ಕವನವನ್ನು ಒಮ್ಮೆ ಗಟ್ಟಿಯಾಗಿ ಓದಿಸಿ, ಆಮೇಲೆ ಹಾಡಿಸಿ. ವಾರಕ್ಕೊಂದು ದಿನ ಟ್ರ್ಯಾಕ್ ನಿಲ್ಲಿಸಿ, ಬರೀ ತಂಬೂರಿ ಶ್ರುತಿಗೆ ನಿಮ್ಮ ಮುಂದೆ ಹಾಡಲಿ. ತಿದ್ದುವುದಕ್ಕೆ ನೀವೇ ಇದ್ದೀರಲ್ಲ.