ಟಾಪೊಗೆ ಹೊರಡುವ ಮುನ್ನ

ರಾಜಾಜಿನಗರದಿಂದ ನೀವು ಕೇಳಿದ್ದು ಎರಡು ಪ್ರಶ್ನೆ: ನ್ಯೂಜಿಲೆಂಡಿನ ಟಾಪೊದಲ್ಲಿ ಬದುಕು ಹೇಗೆ? ಭೂಶಾಖ ವಿದ್ಯುತ್ ಸ್ಥಾವರದಲ್ಲಿ ಟರ್ಬೈನ್ ಬಿಟ್ಟು ರೀಇಂಜೆಕ್ಷನ್ ವಿಭಾಗಕ್ಕೆ, ಅಂದರೆ ಬಳಸಿದ ನೀರನ್ನು ಮತ್ತೆ ನೆಲದಾಳಕ್ಕೆ ಇಳಿಸುವ ಕಡೆಗೆ, ಹಾಕುತ್ತಿದ್ದಾರೆ, ಇದು ಮೂಲೆಗುಂಪಲ್ಲವೇ? ರಜೆಗೆ ಬಂದು ವಿಜಯನಗರದಲ್ಲೇ ಇದ್ದೇನೆ, ಬಿಡುವಾಗಿ ಉತ್ತರಿಸುತ್ತೇನೆ.

ಖಂಡಿತ ಮೂಲೆಗುಂಪಲ್ಲ. ಟರ್ಬೈನ್ ತನ್ನ ಪಾಡಿಗೆ ತಿರುಗುತ್ತದೆ. ತಲೆನೋವೆಲ್ಲ ನೆಲದಾಳದಿಂದ ಬರುವ ಬಿಸಿನೀರಿನಿಂದ ಉಗಿ ತೆಗೆದ ಮೇಲೆ ಉಳಿಯುವ ನೀರಿನದು. ಬೋರ್‌ವೆಲ್ ಕೊರೆಸುವಾಗಿನ ಉತ್ಸಾಹ ನಮ್ಮ ಬೆಂಗಳೂರಿಗರಿಗೆ ಇಂಗುಗುಂಡಿ ತೋಡಿಸುವಾಗ ಇರುತ್ತದೆಯೇ? ಅಲ್ಲಿಯೂ ಮೊದಲು ಅದೇ ಕಥೆ. 1958ರಲ್ಲಿ ಶುರುವಾದ, ಟಾಪೊ ಬಳಿಯ ವೈರಾಕೆಯಿ ಸ್ಥಾವರದಲ್ಲಿ ದಶಕಗಳ ಕಾಲ ಆ ನೀರನ್ನು ವೈಕಾಟೊ ನದಿಗೆ ಬಿಟ್ಟರು. ನೆಲದೊಳಗಿನ ಒತ್ತಡ ಇಳಿದು, ಒಂದು ಕಡೆ ನೆಲ ಸುಮಾರು 15 ಮೀಟರ್ ಕುಸಿಯಿತು.

ಈಗ ನೀರನ್ನು ಭೂಮಿಗೇ ಹಿಂದಿರುಗಿಸುತ್ತಾರೆ. ಆದರೆ ಆಳದ ಬಂಡೆಯಿಂದ ಕರಗಿ ಬಂದ ಸಿಲಿಕಾ, ನೀರು ತಣಿದಂತೆ ಪೈಪಿಗೆ ಅಂಟುತ್ತದೆ. ಬಿಚ್ಚಿದ ಪೈಪನ್ನು ಒಮ್ಮೆ ನೋಡಿ: ಒಳಮೈಗೆಲ್ಲ ಬೂದುಬಿಳಿ ಪದರ, ಉಳಿಗೂ ಸುಲಭಕ್ಕೆ ಜಗ್ಗದು. ಅದೇ ಪದರ ನೀರಿಳಿಸುವ ಬಾವಿಯ ತಳದಲ್ಲಿ ಕಟ್ಟಿಕೊಂಡರೆ ಒತ್ತಡ ಏರುತ್ತದೆ, ನೀರು ಇಳಿಯುವುದಿಲ್ಲ. ಬಿಸಿಯಾಗಿಯೇ ಇಳಿಸಿದರೆ ಸಿಲಿಕಾ ಕರಗಿಯೇ ಇರುತ್ತದೆ, ಆದರೆ ಆ ಶಾಖದಿಂದ ಸಿಗಬಹುದಾಗಿದ್ದ ವಿದ್ಯುತ್ತು ಹೋಯಿತು. ಗಂಧಕಾಮ್ಲ ಬೆರೆಸಿದರೆ ಗಟ್ಟಿಯಾಗುವುದು ತಡವಾಗುತ್ತದೆ. ಪ್ರಮಾಣ ಮೀರಿದರೆ ಉಕ್ಕನ್ನೇ ತಿನ್ನುತ್ತದೆ. ಬಿಸಿನೀರು ತೆಗೆಯುವ ಉತ್ಪಾದನಾ ಬಾವಿಗೆ ತೀರಾ ಹತ್ತಿರ ಇಳಿಸಿದರೆ ಆ ಬಾವಿಯೇ ತಣ್ಣಗಾಗುತ್ತದೆ; ಹಾಗಾಗಿ ನೀರಿನ ಜಾಡು ತೋರಿಸುವ ಟ್ರೇಸರ್ ರಾಸಾಯನಿಕ ಬಿಟ್ಟು, ಅದು ಎಲ್ಲಿ, ಎಷ್ಟು ದಿನಕ್ಕೆ ಕಾಣಿಸಿಕೊಳ್ಳುತ್ತದೆ ಎಂದು ಕಾಯಬೇಕು. ತೀರಾ ದೂರ ಇಳಿಸಿದರೆ ಒತ್ತಡಕ್ಕೆ ಆಸರೆಯೇ ಸಿಗದು. ಐಸ್‌ಲ್ಯಾಂಡಿನ ಹೆಲ್ಲಿಶೇಡಿ ಭೂಶಾಖ ಸ್ಥಾವರದಲ್ಲಿ 2011ರಲ್ಲಿ ಹೊಸ ಜಾಗದಲ್ಲಿ ನೀರಿಳಿಸತೊಡಗಿದಾಗ ಸುಮಾರು 4 ತೀವ್ರತೆಯವರೆಗೆ ಭೂಮಿ ಕಂಪಿಸಿ, ಸುತ್ತಲಿನ ಜನ ಸಿಟ್ಟಿಗೆದ್ದರು. ಇಷ್ಟನ್ನೂ ತೂಗಿಸುವ ಕೆಲಸ ನಿಮ್ಮದು. ನನಗಂತೂ ಟರ್ಬೈನಿಗಿಂತ ಇದೇ ಇಷ್ಟ.

ಇನ್ನು ಬದುಕು. ಊರು ಚಿಕ್ಕದು, ಸರೋವರ ಚೆಂದ, ಅಂಗಡಿಗಳು ಸಂಜೆಗೇ ಮುಚ್ಚುತ್ತವೆ. ಹಳೆಯ ಬಾಡಿಗೆ ಮನೆಗಳಲ್ಲಿ ಚಳಿಗಾಲದ ಥಂಡಿ ಗೋಡೆ ದಾಟಿ ಬರುತ್ತದೆ, ಹೀಟರ್ ನೋಡಿಯೇ ಮನೆ ಹಿಡಿಯಿರಿ. ಅಮ್ಮ ಕಟ್ಟಿಕೊಡುವ ಸಾರಿನ ಪುಡಿಯನ್ನು ವಿಮಾನ ನಿಲ್ದಾಣದಲ್ಲಿ ಘೋಷಿಸಿ. ಮುಚ್ಚಿಟ್ಟರೆ ಸ್ಥಳದಲ್ಲೇ 400 ಡಾಲರ್ ದಂಡ ಬೀಳಬಹುದು.

ಸ್ಥಾವರದಲ್ಲಿ ಎದೆಗೆ ಸಿಕ್ಕಿಸಿಕೊಳ್ಳುವ ಅನಿಲ ಸೂಚಕವನ್ನು ಕಳಚಬೇಡಿ. ಕೊಳೆತ ಮೊಟ್ಟೆಯ ವಾಸನೆ ನಿಂತಿತೆಂದು ನೆಮ್ಮದಿ ಪಡುವಂತಿಲ್ಲ. ಆ ವಾಸನೆ ಬರಿಸುವ ವಿಷಾನಿಲ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗೇ ಕೈಕೊಡುತ್ತದೆ. ಪಂಪುಗಳು ನಡುರಾತ್ರಿಯೂ ಕೆಡುತ್ತವೆ, ಆದ್ದರಿಂದ ಸಹಿ ಹಾಕುವ ಮೊದಲು ರಾತ್ರಿ ಕರೆಯ ಪಾಳಿ ಎಷ್ಟು, ಭತ್ಯೆ ಎಷ್ಟು ಎಂಬುದನ್ನು ಬರಹದಲ್ಲೇ ಕೇಳಿ ಪಡೆಯಿರಿ.