ಮನೆ ಅಗ್ಗ, ದಾರಿ ದುಬಾರಿ: ಅರೂಸ್ಟುಕ್ ಕೌಂಟಿಗೆ ಹೊರಟವರ ಪ್ರಶ್ನೆಗಳು

ಅಮೆರಿಕದ ಹಳ್ಳಿಗಾಡಿನಲ್ಲಿ ಮನೆ ಕೊಳ್ಳುವ ಬಗ್ಗೆ ಬರುವ ಪ್ರಶ್ನೆಗಳೆಲ್ಲ ಒಂದೇ ಧಾಟಿಯವು. ಬಾಸ್ಟನ್ನಿನ ಬಾಡಿಗೆಯ ಪಕ್ಕದಲ್ಲಿ ಹಳ್ಳಿಮನೆಯ ಸಾಲದ ಕಂತು ಬರೆದು, ಕಳೆದು, ಬಂದ ಉತ್ತರ ನೋಡಿ ಹಿಗ್ಗಿ, ಆಮೇಲೆ ನನಗೆ ಬರೆಯುತ್ತಾರೆ. ಈ ಸಲ ಮೇನ್ ರಾಜ್ಯದ ಉತ್ತರ ತುದಿಯ ಅರೂಸ್ಟುಕ್ ಕೌಂಟಿಯ ಪ್ರಶ್ನೆಗಳನ್ನಷ್ಟೇ ಆರಿಸಿದ್ದೇನೆ. ಕ್ರೆಡಿಟ್ ಸ್ಕೋರ್ ಎಂದರೇನು, ಬಡ್ಡಿ ದರ ಹೇಗೆ ನಿಗದಿಯಾಗುತ್ತದೆ ಎಂಬುದನ್ನು ಬ್ಯಾಂಕಿನವರನ್ನು ಕೇಳಿ.

ಪ್ರಶ್ನೆ: ಪತಿಗೆ ಪ್ರೆಸ್ಕ್ ಐಲ್‌ನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ. ಊರಿಂದ 30 ಮೈಲಿ ಆಚೆ, ಎರಡು ಎಕರೆ ಜಾಗದ ಹಳೆಯ ಮನೆ 1,40,000 ಡಾಲರಿಗೆ ಇದೆ. ಸ್ವಂತ ಬಾವಿ, ಸೆಪ್ಟಿಕ್, ಆಯಿಲ್ ಬಾಯ್ಲರ್. ಈಗ ಬಾಸ್ಟನ್ ಬಳಿ ಹೀಟಿಂಗ್, ಕರೆಂಟು ಸೇರಿ 3,200 ಡಾಲರ್ ಬಾಡಿಗೆ. ಸಾಲದ ಕಂತು 800ರೊಳಗೆ ಬರುತ್ತದೆ. ತಿಂಗಳಿಗೆ 2,400 ಉಳಿತಾಯ ಎಂದುಕೊಳ್ಳಬಹುದೇ?

ಬೇಡ. ಕೂಡಿ ಕಳೆದು ನೋಡೋಣ.

ಶೇ 10ರಷ್ಟು ಮುಂಗಡ ಕಟ್ಟಿ, ಉಳಿದ 1,26,000 ಡಾಲರನ್ನು ಶೇ 6.5ರ ಬಡ್ಡಿಗೆ 30 ವರ್ಷಕ್ಕೆ ತೆಗೆದರೆ ಕಂತು 796 ಡಾಲರ್. ಅಲ್ಲಿಯವರೆಗೆ ನಿಮ್ಮ ಲೆಕ್ಕ ಸರಿ. ಮುಂಗಡ ಶೇ 20 ಮುಟ್ಟದ್ದರಿಂದ ಸಾಲದ ಮೇಲಿನ ವಿಮೆಗೆ 60 ಇಡಿ. ಆಸ್ತಿ ತೆರಿಗೆ ಮೇನ್‌ನಲ್ಲಿ ಊರಿಂದ ಊರಿಗೆ ಬೇರೆ. ಪ್ರತಿ ಸಾವಿರ ಡಾಲರ್ ಮೌಲ್ಯಕ್ಕೆ ಇಷ್ಟು ಎಂದು 'ಮಿಲ್' ಲೆಕ್ಕದಲ್ಲಿ ಹೇಳುತ್ತಾರೆ. 20 ಮಿಲ್ ಎಂದರೆ ವರ್ಷಕ್ಕೆ 2,800, ತಿಂಗಳಿಗೆ 233. ಮೇನ್ ಅನ್ನೇ ಕಾಯಂ ನೆಲೆ ಮಾಡಿಕೊಂಡು ಹನ್ನೆರಡು ತಿಂಗಳು ಸ್ವಂತ ಮನೆಯಲ್ಲಿದ್ದ ಮೇಲೆ, ಏಪ್ರಿಲ್ 1ರೊಳಗೆ ಊರಿನ ಕಚೇರಿಗೆ ಅರ್ಜಿ ಕೊಟ್ಟರೆ ಮೌಲ್ಯದಲ್ಲಿ 25,000 ಡಾಲರ್ ವಿನಾಯಿತಿ ಸಿಗುತ್ತದೆ. ಅರ್ಜಿ ಕೊಡದವರಿಗೆ ಯಾರೂ ತಾವಾಗಿ ಕೊಡುವುದಿಲ್ಲ. ಮನೆ ವಿಮೆಗೆ 130 ಹಾಕಿ. ಅಗ್ನಿಶಾಮಕ ಠಾಣೆ ರಸ್ತೆಯ ಲೆಕ್ಕದಲ್ಲಿ 5 ಮೈಲಿಗಿಂತ ದೂರವಿದ್ದರೆ ಆ ಅಂಕಿ ಮೇಲೇರುತ್ತದೆ. ಹಾಗಾಗಿ ಆಫರ್ ಕೊಡುವ ಮೊದಲೇ ವಿಮೆಯ ದರ ಕೇಳಿ.

ಇನ್ನು ಎಣ್ಣೆ. ಚಳಿಗಾಲದಲ್ಲಿ ನೂರು ಇಂಚು ಹಿಮ ಬೀಳುವ ಸೀಮೆಯಲ್ಲಿ ಹಳೆಯ ಮನೆಯೊಂದು ವರ್ಷಕ್ಕೆ 800ರಿಂದ 1,000 ಗ್ಯಾಲನ್ ಹೀಟಿಂಗ್ ಆಯಿಲ್ ಕುಡಿಯುವುದು ಮಾಮೂಲು. 900 ಗ್ಯಾಲನ್, ಗ್ಯಾಲನ್ನಿಗೆ 3.50 ಎಂದು ಹಿಡಿದರೆ 3,150 ಡಾಲರ್, ತಿಂಗಳಿಗೆ 263. ಆದರೆ ಇದು ತಿಂಗಳಿಗೆ 263ರಂತೆ ಬರುವ ಬಿಲ್ಲಲ್ಲ. ಗಂಟೆಗೆ 0.85 ಗ್ಯಾಲನ್ ಉರಿಸುವ ಬರ್ನರ್ ಫೆಬ್ರುವರಿಯಲ್ಲಿ ದಿನಕ್ಕೆ ಹತ್ತು ಗಂಟೆ ಓಡಿದರೆ ತಿಂಗಳಿಗೆ 238 ಗ್ಯಾಲನ್, ಅಂದರೆ 833 ಡಾಲರ್. ನೆಲಮಾಳಿಗೆಯ 275 ಗ್ಯಾಲನ್ ಟ್ಯಾಂಕಿಗೆ ಹಿಡಿಸುವುದು ಸುಮಾರು 250. ಒಂದು ಟ್ಯಾಂಕು ಒಂದು ತಿಂಗಳು. ವರ್ತಕರ ಬಳಿ ಹತ್ತು-ಹನ್ನೊಂದು ಸಮಾನ ಕಂತುಗಳ ಯೋಜನೆ ಇರುತ್ತದೆ, ಸೇರಿಕೊಳ್ಳಿ. ಬೇಸಿಗೆಯಲ್ಲೇ ಪೂರ್ತಿ ಹಣ ಕಟ್ಟುವ ಯೋಜನೆಯಾದರೆ, ವರ್ತಕ ದಿವಾಳಿಯಾದರೆ ನಿಮ್ಮ ಹಣಕ್ಕೆ ಯಾವ ಭದ್ರತೆ ಎಂಬುದನ್ನು ಒಪ್ಪಂದದಲ್ಲಿ ಬರಹದಲ್ಲೇ ಪಡೆಯಿರಿ.

ಟ್ಯಾಂಕು ಮನೆಯ ಹೊರಗಿದ್ದರೆ ಬೇರೆಯೇ ಕಥೆ. ಮಾಮೂಲು ನಂಬರ್ 2 ಎಣ್ಣೆ ಕಡು ಚಳಿಯಲ್ಲಿ ಗಟ್ಟಿಯಾಗಿ ಫಿಲ್ಟರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಕೆ-1 ಸೀಮೆಎಣ್ಣೆಯೇ ಬೇಕು, ಅದರ ದರ ಹೆಚ್ಚು, ಶಾಖ ತುಸು ಕಡಿಮೆ. ಮನೆ ನೋಡಲು ಹೋದಾಗ ಅಡುಗೆಮನೆಯ ಗ್ರಾನೈಟ್ ಆಮೇಲೆ ನೋಡುವಿರಂತೆ. ಮೊದಲು ನೆಲಮಾಳಿಗೆಗೆ ಇಳಿದು ಟ್ಯಾಂಕಿನ ತಳಕ್ಕೆ ಕೈ ಆಡಿಸಿ. ಉಕ್ಕಿನ ಟ್ಯಾಂಕು ಒಳಗಿನಿಂದ, ತಳದಲ್ಲಿ ನಿಂತ ನೀರಿನಿಂದ ತುಕ್ಕು ಹಿಡಿಯುತ್ತದೆ. ಬಣ್ಣ ಬೊಬ್ಬೆ ಎದ್ದಿದ್ದರೆ ಅಥವಾ ಬೆರಳಿಗೆ ಎಣ್ಣೆ ಅಂಟಿದರೆ ಹೊಸ ಟ್ಯಾಂಕಿನ ಬೆಲೆಯನ್ನು ಮನೆಯ ಬೆಲೆಯಿಂದ ಕಳೆಯಿರಿ. ಎಣ್ಣೆ ಸೋರಿ ನೆಲ ಕೆಟ್ಟರೆ ಮಾಮೂಲು ಮನೆ ವಿಮೆ ಬಹುತೇಕ ಕೈ ಎತ್ತಿಬಿಡುತ್ತದೆ.

ಕರೆಂಟಿಗೆ 150. ಡ್ರೈವ್‌ವೇ ಹಿಮ ತೆಗೆಸಲು ಸೀಸನ್ನಿಗೆ 600 ಎಂದರೆ ತಿಂಗಳಿಗೆ 50. ಬಾವಿಯ ಪಂಪು 10-15 ವರ್ಷಕ್ಕೆ ಹೋಗುತ್ತದೆ. ಸೆಪ್ಟಿಕ್, ಸೂರು, ಬಾಯ್ಲರ್ ಕೂಡ ಚಿರಂಜೀವಿಗಳಲ್ಲ. ಇವಕ್ಕೆಲ್ಲ ತಿಂಗಳಿಗೆ 250 ಬೇರೆ ಖಾತೆಯಲ್ಲಿ ಇಡಿ. ಒಟ್ಟು 1,932. ನಿಮ್ಮ 2,400 ಇಲ್ಲಿಗಾಗಲೇ 1,268ಕ್ಕೆ ಇಳಿಯಿತು.

ಕಾರಿನ ಲೆಕ್ಕ ಇನ್ನೂ ಬಾಕಿ. ಪತಿ ಬಾಸ್ಟನ್ನಿನಲ್ಲಿ 90 ಡಾಲರಿನ ಪಾಸಿನಲ್ಲಿ ರೈಲು ಹತ್ತುತ್ತಿದ್ದಾರೆ, ಮನೆಗೆ ಒಂದೇ ಕಾರು ಎಂದು ಬರೆದಿದ್ದೀರಿ. ಅರೂಸ್ಟುಕ್ ಎಂದರೆ ನೆಲದ ವಿಸ್ತೀರ್ಣದಲ್ಲಿ ಕನೆಕ್ಟಿಕಟ್ ಮತ್ತು ರೋಡ್ ಐಲೆಂಡ್ ರಾಜ್ಯಗಳೆರಡೂ ಸೇರಿದರೂ ಅವಕ್ಕಿಂತ ದೊಡ್ಡ ಕೌಂಟಿ. 2020ರ ಜನಗಣತಿಯಲ್ಲಿ ಅಲ್ಲಿದ್ದವರು 67,000 ಮಂದಿ. ಕೆಲಸಕ್ಕೆ ಹೋಗಲು ನಿಮ್ಮ ಕಾರೇ ಗತಿ. ಹೋಗಿ ಬರಲು 60 ಮೈಲಿ, ತಿಂಗಳಿಗೆ 21 ದಿನ, 1,260 ಮೈಲಿ. ಪೆಟ್ರೋಲು, ಟೈರು, ವಿಮೆ, ಸವಕಳಿ ಎಲ್ಲ ಸೇರಿಸಿ ಅಮೆರಿಕದ ತೆರಿಗೆ ಇಲಾಖೆ 2025ಕ್ಕೆ ಇಟ್ಟ ದರ ಮೈಲಿಗೆ 70 ಸೆಂಟ್. ಅಂದರೆ 882 ಡಾಲರ್. ಪಾಸಿನ 90 ಕಳೆದರೆ ಹೊಸ ಹೊರೆ 792. ಉಳಿದದ್ದು 476.

2,400 ಅಲ್ಲ, 476. ಅದೂ ಏನೂ ಕೆಡದಿದ್ದರೆ.

ಈಗ ಅದೇ ಮನೆಯನ್ನು ಊರೊಳಗೆ, ಆಸ್ಪತ್ರೆಯಿಂದ 4 ಮೈಲಿಯಲ್ಲಿ, ಪುರಸಭೆಯ ನೀರು-ಒಳಚರಂಡಿಯೊಂದಿಗೆ 1,70,000ಕ್ಕೆ ಕೊಂಡಿರಿ ಎನ್ನಿ. ಶೇ 10ರದೇ ಮುಂಗಡಕ್ಕೆ ಕಂತು 967, ಅಂದರೆ 171 ಹೆಚ್ಚು. ತೆರಿಗೆ 50 ಹೆಚ್ಚು. ನೀರು-ಚರಂಡಿಯ ಬಿಲ್ಲು ಬರುತ್ತದೆ, ಆದರೆ ಬಾವಿ-ಸೆಪ್ಟಿಕ್ಕಿಗೆ ಎತ್ತಿಡುತ್ತಿದ್ದ ಹಣ ಅದಕ್ಕೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಕಾರಿನ ಖರ್ಚು ಮಾತ್ರ 882ರಿಂದ 118ಕ್ಕೆ ಇಳಿಯುತ್ತದೆ. ಕೊನೆಗೆ ತಿಂಗಳಿಗೆ 543 ಡಾಲರ್ ಹೆಚ್ಚಿಗೆ ಕೈಯಲ್ಲಿ ನಿಲ್ಲುತ್ತದೆ. ನಿಮ್ಮ ಉಳಿತಾಯ ಸಾವಿರ ದಾಟುತ್ತದೆ. ಮೂವತ್ತು ಸಾವಿರ ಜಾಸ್ತಿ ಕೊಟ್ಟ ಮನೆಯೇ ಅಗ್ಗ. ಎರಡು ಎಕರೆಯ ಆಸೆ ನನಗೆ ಅರ್ಥವಾಗುತ್ತದೆ, ಬೆಂಗಳೂರಿನಲ್ಲಿ ಮೂವತ್ತು-ನಲವತ್ತರ ಸೈಟಿಗೆ ಒದ್ದಾಡಿದವರಿಗೆ ಎಕರೆ ಎಂಬ ಮಾತೇ ಅಮಲು. ಆದರೆ ಹುಲ್ಲು ಕತ್ತರಿಸುವವರೂ ನೀವೇ.

ಇನ್ನೆರಡು ವಿಷಯ. ಮೇನ್‌ನಲ್ಲಿ ಕಾರು ನೋಂದಣಿಗೆ ಮೊದಲು ಊರಿಗೆ ಎಕ್ಸೈಸ್ ತೆರಿಗೆ ಕಟ್ಟಬೇಕು. ಅದು ನೀವು ಕೊಟ್ಟ ಬೆಲೆಯ ಮೇಲಲ್ಲ, ಕಂಪನಿ ಮೊದಲು ಅಚ್ಚು ಹಾಕಿದ ಬೆಲೆಯ ಮೇಲೆ. 32,000 ಡಾಲರ್ ಕಾರಿಗೆ ಮೊದಲ ವರ್ಷ 24 ಮಿಲ್, ಅಂದರೆ 768. ಎರಡನೇ ವರ್ಷ 560. ಮೂರನೇ ವರ್ಷ 432. ಹಳೇ ಕಾರನ್ನು ಚೌಕಾಸಿ ಮಾಡಿ ಅರ್ಧ ಬೆಲೆಗೆ ಕೊಂಡರೂ ಈ ಲೆಕ್ಕ ಬದಲಾಗದು. ಎರಡನೆಯದು ಉಪ್ಪು. ಚಳಿಗಾಲದ ರಸ್ತೆಗೆ ಸುರಿವ ಉಪ್ಪು ಕಾರಿನ ತಳ ತಿನ್ನುತ್ತದೆ, ತಳದಲ್ಲಿ ತೂತು ಬಿದ್ದ ಕಾರು ವಾರ್ಷಿಕ ತಪಾಸಣೆಯಲ್ಲಿ ಫೇಲು. ಪ್ರತಿ ಶರತ್ಕಾಲ ತಳಕ್ಕೆ ಎಣ್ಣೆಯಂಥ ಲೇಪ ಹೊಡೆಸಿ. ರಬ್ಬರಿನಂತೆ ಗಟ್ಟಿಯಾಗುವ ಲೇಪ ಬೇಡ; ಅದು ಬಿರುಕು ಬಿಟ್ಟು ಉಪ್ಪುನೀರನ್ನು ಒಳಗೇ ಹಿಡಿದಿಟ್ಟು ಲೋಹವನ್ನು ಬೇಗ ಕೊಲ್ಲುತ್ತದೆ.

ಪ್ರಶ್ನೆ: ಎಣ್ಣೆ ಮುಗಿದು ಬಾಯ್ಲರ್ ನಿಂತರೆ ಕಾರಿನ ಪೆಟ್ರೋಲು ಹಾಕಬಹುದೇ?

ಮನೆ ಸುಟ್ಟುಕೊಳ್ಳುವ ಆಸೆಯಿದ್ದರೆ ಹಾಕಿ. ಬಂಕಿನಲ್ಲಿ ಸಿಗುವ ಡೀಸೆಲ್ಲು ಅಥವಾ ಕೆ-1 ಮಾತ್ರ ಹಾಕಬಹುದು, 5 ಗ್ಯಾಲನ್ ಸಾಕು. ಹಾಕಿ ಹತ್ತು ನಿಮಿಷ ಬಿಡಿ, ತಳದ ಕೆಸರು ಕೂರಲಿ. ಟ್ಯಾಂಕಿನಿಂದ ಬರ್ನರಿಗೆ ಒಂದೇ ಕೊಳವೆಯ ವ್ಯವಸ್ಥೆಯಾದರೆ ಪೈಪಿನಲ್ಲಿ ಸಿಕ್ಕ ಗಾಳಿಯನ್ನು ನೀವೇ ತೆಗೆಯಬೇಕು. ಬರ್ನರ್ ಪಂಪಿನ ಬದಿಯ ಬ್ಲೀಡರ್ ತಿರುಪಿಗೆ ಸಣ್ಣ ಪಾರದರ್ಶಕ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ಬಾಟಲಿಗೆ ಇಳಿಸಿ. ತಿರುಪನ್ನು 3/8 ಇಂಚಿನ ಸ್ಪ್ಯಾನರಿನಿಂದ ಕಾಲು ಸುತ್ತು ಸಡಿಲಿಸಿ ಕೆಂಪು ರೀಸೆಟ್ ಗುಂಡಿ ಒತ್ತಿ. ಮೊದಲು ಗುಳ್ಳೆ, ನೊರೆ ಬರುತ್ತದೆ; ಗುಳ್ಳೆಯಿಲ್ಲದ ಎಣ್ಣೆ ಒಂದೇ ಸಮ ಬಂದ ಮೇಲೆ ತಿರುಪು ಬಿಗಿ ಮಾಡಿ. ಉರಿ ಹತ್ತುತ್ತದೆ. ಹತ್ತದಿದ್ದರೆ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತ ಕೂರಬೇಡಿ. ಉರಿಯದ ಎಣ್ಣೆ ಒಲೆಯೊಳಗೆ ತುಂಬಿ, ಕಡೆಗೊಮ್ಮೆ ಹತ್ತಿದಾಗ ಢಮ್ಮೆಂದು ಮಸಿ ಮನೆಯೆಲ್ಲ ಹಾರುತ್ತದೆ. ಎರಡು ಸಲ ವಿಫಲವಾದರೆ ತಂತ್ರಜ್ಞರನ್ನು ಕರೆಯಿರಿ. ಟ್ಯಾಂಕಿನ ಮೇಲಿನ ತೇಲುಮುಳ್ಳು ಕಾಲುಭಾಗ ತೋರಿಸಿದಾಗಲೇ ಎಣ್ಣೆ ತರಿಸಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ.

ಪ್ರಶ್ನೆ: ಹೀಟ್ ಪಂಪ್ ಹಾಕಿಸಿದರೆ ಎಣ್ಣೆಯ ಕಾಟವೇ ಇಲ್ಲ ಎನ್ನುತ್ತಾರೆ?

ಮಾರುವವರು ಹೇಳುತ್ತಾರೆ. ಹೀಟ್ ಪಂಪ್ ಎಂದರೆ ಹೊರಗಿನ ಗಾಳಿಯ ಶಾಖವನ್ನು ಕರೆಂಟಿನಿಂದ ಮನೆಯೊಳಗೆ ಎಳೆದು ತರುವ ಯಂತ್ರ. ಬಿಟಿಯು ಎಂಬುದು ಶಾಖದ ಅಳತೆ. ಹತ್ತು ಲಕ್ಷ ಬಿಟಿಯು ಶಾಖಕ್ಕೆ ಖರ್ಚು ಎಷ್ಟು ಎಂದು ನೋಡಿ. 3.50ರ ಎಣ್ಣೆ, ಶೇ 85 ದಕ್ಷತೆಯ ಬಾಯ್ಲರ್: ಸುಮಾರು 30 ಡಾಲರ್. ಕರೆಂಟು ಯೂನಿಟ್ಟಿಗೆ 27 ಸೆಂಟ್ ಇದ್ದು, ಅಕ್ಟೋಬರಿನ ಹಿತವಾದ ಚಳಿಯಲ್ಲಿ ಹೀಟ್ ಪಂಪು ಒಂದು ಪಾಲು ಕರೆಂಟಿಗೆ ಮೂರು ಪಾಲು ಶಾಖ ಕೊಟ್ಟರೆ 26 ಡಾಲರ್. ಕಡು ಚಳಿಯಲ್ಲಿ ಅದೇ ಯಂತ್ರ 1.8 ಪಾಲಿಗೆ ಇಳಿದರೆ 44 ಡಾಲರ್. ಹಾಗಾಗಿ ಹಾಕಿಸಿ, ಆದರೆ ಬಾಯ್ಲರ್ ಕಿತ್ತೆಸೆಯಬೇಡಿ. ಶರತ್ಕಾಲ, ವಸಂತಕ್ಕೆ ಪಂಪು, ಜನವರಿಗೆ ಎಣ್ಣೆ. ರಾಜ್ಯದ ಇಂಧನ ಉಳಿತಾಯ ಸಂಸ್ಥೆ ಎಫಿಶಿಯೆನ್ಸಿ ಮೇನ್ ಕೊಡುವ ರಿಯಾಯಿತಿ ಆದಾಯದ ಮೇಲೆ ಬದಲಾಗುತ್ತದೆ, ಅವರ ಪಟ್ಟಿಯಲ್ಲಿರುವ ಗುತ್ತಿಗೆದಾರರಿಂದಲೇ ಹಾಕಿಸಬೇಕು.

ಇದರ ಜೊತೆ ಇನ್ನೊಂದು. "ಮನೆಯಿಡೀ ಬೆಚ್ಚಗೆ, ಬಿಲ್ಲು ಅರ್ಧ" ಎಂಬ 49 ಡಾಲರಿನ ಪ್ಲಗ್ ಹೀಟರ್ ಜಾಹೀರಾತು ಕಳಿಸುವುದನ್ನು ದಯವಿಟ್ಟು ನಿಲ್ಲಿಸಿ. 1,500 ವಾಟಿನ ಹೀಟರು ಯಾವ ಆಕಾರದ್ದಿರಲಿ, ಸೆರಾಮಿಕ್ ಇರಲಿ, ಇನ್‌ಫ್ರಾರೆಡ್ ಇರಲಿ, ಗಂಟೆಗೆ ಕೊಡುವುದು 5,100 ಚಿಲ್ಲರೆ ಬಿಟಿಯು. ಹಗಲಿರುಳು ಉರಿಸಿದರೆ ತಿಂಗಳಿಗೆ 290 ಡಾಲರ್, ಬೆಚ್ಚಗಾಗುವುದು ಒಂದು ಕೋಣೆ.

ಪ್ರಶ್ನೆ: ಬಾವಿ ನೀರನ್ನು ಕುದಿಸಿ ಕುಡಿದರೆ ಸಾಲದೇ? ಊರಲ್ಲೂ ಹಾಗೇ ಮಾಡುತ್ತಿದ್ದೆವು.

ಸಾಲದು. ಕುದಿಸಿದರೆ ರೋಗಾಣು ಸಾಯುತ್ತದೆ. ಆಲೂಗಡ್ಡೆ ಹೊಲಗಳ ಗೊಬ್ಬರದಿಂದ ಇಳಿಯುವ ನೈಟ್ರೇಟ್, ಬಂಡೆಯಿಂದ ಬರುವ ಆರ್ಸೆನಿಕ್ ಸಾಯುವ ವಸ್ತುಗಳಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವು ದಟ್ಟವಾಗುತ್ತವೆ. ಲೀಟರಿಗೆ 10 ಮಿಲಿಗ್ರಾಂ ದಾಟಿದ ನೈಟ್ರೇಟಿನ ನೀರಿನಲ್ಲಿ ಹಾಲಿನಪುಡಿ ಕಲಸಿದರೆ ಆರು ತಿಂಗಳೊಳಗಿನ ಮಗುವಿನ ರಕ್ತ ಆಮ್ಲಜನಕ ಒಯ್ಯಲಾರದೆ ಮೈ ನೀಲಿಗಟ್ಟಬಹುದು. ಖಾಸಗಿ ಬಾವಿ ಫೆಡರಲ್ ಕುಡಿಯುವ ನೀರಿನ ಕಾನೂನಿನಡಿ ಬರುವುದಿಲ್ಲ, ಯಾರೂ ಬಂದು ಪರೀಕ್ಷಿಸುವುದಿಲ್ಲ. ಕೊಳ್ಳುವ ಮೊದಲು ಮಾನ್ಯತೆಯುಳ್ಳ ಪ್ರಯೋಗಾಲಯದಲ್ಲಿ ಪೂರ್ಣ ಪರೀಕ್ಷೆ, ಆಮೇಲೆ ಪ್ರತಿ ವರ್ಷ ಕೋಲಿಫಾರ್ಮ್ ಎಂಬ ಬ್ಯಾಕ್ಟೀರಿಯಾ ಮತ್ತು ನೈಟ್ರೇಟಿನ ಪರೀಕ್ಷೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಹೆಚ್ಚಿದ್ದರೆ ಸಿಂಕಿನ ಕೆಳಗೆ ಆರ್‌ಒ ಸಾಕು. ಯುವಿ ದೀಪ ರೋಗಾಣುವಿಗಷ್ಟೇ.

ಲೋಟದ ನೀರಿಗೆ ಎರಡು ಕಡ್ಡಿ ಇಳಿಸಿ, ಕರೆಂಟು ಹರಿಸಿ, ಕಂದು ಗಸಿ ತೋರಿಸಿ ಹೆದರಿಸುವ ಮಾರಾಟಗಾರ ಅಲ್ಲೂ ಇದ್ದಾನೆ, ಬೆಂಗಳೂರಿನಲ್ಲೂ ಇದ್ದಾನೆ. ಆ ಕಂದು ಬಣ್ಣ ಬಂದದ್ದು ಅವನ ಕಬ್ಬಿಣದ ಕಡ್ಡಿಯಿಂದ. ಬಾಗಿಲು ತೋರಿಸಿ.

ಪ್ರಶ್ನೆ: ಸೆಪ್ಟಿಕ್ಕಿಗೆ ತಿಂಗಳಿಗೊಮ್ಮೆ ಪುಡಿ ಹಾಕಿದರೆ ಖಾಲಿ ಮಾಡಿಸಬೇಕಿಲ್ಲವಂತೆ?

ಸುಳ್ಳು. ಮೂರರಿಂದ ಐದು ವರ್ಷಕ್ಕೊಮ್ಮೆ ಖಾಲಿ ಮಾಡಿಸಲೇಬೇಕು. ಬೋಂಡಾ ಕರಿದ ಎಣ್ಣೆ, ಒಗ್ಗರಣೆಯ ಜಿಡ್ಡು, ತುಪ್ಪ ಸಿಂಕಿಗೆ ಹೋಗಬಾರದು. ಅದು ಟ್ಯಾಂಕಿನ ನೀರು ಇಂಗುವ ನೆಲದ ರಂಧ್ರ ಮುಚ್ಚಿದರೆ ಹೊಸದಾಗಿ ಅಗೆಸಲು ಹತ್ತಾರು ಸಾವಿರ ಡಾಲರ್ ಆಗಬಹುದು. ಕೊಳ್ಳುವ ಮುನ್ನ ಎಚ್‌ಎಚ್‌ಇ-200 ಎಂಬ ವಿನ್ಯಾಸದ ಹಾಳೆ ಕೇಳಿ. ಟ್ಯಾಂಕು ಎಲ್ಲಿ, ಇಂಗುವ ನೆಲ ಎಲ್ಲಿ ಎಂದು ಅದರಲ್ಲಿರುತ್ತದೆ. ಹಾಳೆ ಸಿಗದ ಹಳೇ ಮನೆಯಾದರೆ ಅಗೆಸಿ ನೋಡದೆ ಸಹಿ ಹಾಕಬೇಡಿ.

ಪ್ರಶ್ನೆ: ಎಚ್-1ಬಿ ವೀಸಾದಲ್ಲಿದ್ದೇನೆ. ಅಮೆರಿಕದ ಕೃಷಿ ಇಲಾಖೆಯ (ಯುಎಸ್‌ಡಿಎ) ಮುಂಗಡವಿಲ್ಲದ ಗ್ರಾಮೀಣ ಸಾಲ ಸಿಗುತ್ತದೆಯೇ?

ಇಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಬರೆಯಿರಿ.

ಪ್ರಶ್ನೆ: ಬಾಸ್ಟನ್ ಕಂಪನಿಯ ಕೆಲಸವನ್ನೇ ಎಚ್-1ಬಿಯಲ್ಲಿ ಅರೂಸ್ಟುಕ್ ಮನೆಯಿಂದ ಮಾಡಿದರೆ ಯಾರಿಗೆ ಗೊತ್ತಾಗುತ್ತದೆ?

ಕೆಲಸದ ಸ್ಥಳ ಬೇರೆ ಮಹಾನಗರ ವಲಯಕ್ಕೆ ಹೋದರೆ, ಸ್ಥಳಾಂತರಕ್ಕೆ ಮೊದಲೇ ಕಂಪನಿ ತಿದ್ದುಪಡಿ ಅರ್ಜಿ ಹಾಕಬೇಕು. 2015ರಿಂದ ಇದು ಸ್ಪಷ್ಟ. ಮುಂದಿನ ಪ್ರಶ್ನೆ.

ಪ್ರಶ್ನೆ: ಸೋನಾ ಮಸೂರಿ, ತೊಗರಿಬೇಳೆ ಎಲ್ಲಿ ಸಿಗುತ್ತದೆ?

ದೊಡ್ಡ ಊರಿಗೆ ಹೋದಾಗ ಆರು ತಿಂಗಳಿಗಾಗುವಷ್ಟು ತನ್ನಿ. ಇದು ಹಣಕಾಸಿನ ಅಂಕಣ.

ಪ್ರಶ್ನೆ: ನಾನು ನಾಲ್ಕು ತಿಂಗಳ ಗರ್ಭಿಣಿ. ಹೋಲ್ಟನ್ ಬಳಿ ಮನೆ ನೋಡಿದ್ದೇವೆ. ಖರ್ಚಿನಲ್ಲಿ ಏನು ಗಮನಿಸಬೇಕು?

ಹೆರಿಗೆ ಎಲ್ಲಿ ಎಂಬುದನ್ನು. ಹೋಲ್ಟನ್ ಆಸ್ಪತ್ರೆಯ ಹೆರಿಗೆ ವಿಭಾಗ 2025ರಲ್ಲಿ ಮುಚ್ಚಿತು, ಫೋರ್ಟ್ ಕೆಂಟ್‌ನದು 2023ರಲ್ಲೇ. ಹೋಲ್ಟನ್ನಿನಿಂದ ದೊಡ್ಡ ಆಸ್ಪತ್ರೆಯಿರುವ ಬ್ಯಾಂಗೋರ್ ಸುಮಾರು 120 ಮೈಲಿ, ಅದೂ ಹಿಮದಲ್ಲಿ. ಈಗಲೇ ವೈದ್ಯರನ್ನು ಗೊತ್ತು ಮಾಡಿ, ಕೊನೆಯ ಎರಡು ವಾರ ಆಸ್ಪತ್ರೆಯ ಊರಿನಲ್ಲೇ ಉಳಿಯುವ ಬಾಡಿಗೆಯನ್ನು ಬಜೆಟ್ಟಿಗೆ ಸೇರಿಸಿ. 2022ರಿಂದ ಜಾರಿಯಲ್ಲಿರುವ ಅನಿರೀಕ್ಷಿತ ಬಿಲ್ಲು ತಡೆ ಕಾನೂನು ಹೆಲಿಕಾಪ್ಟರ್ ಆಂಬುಲೆನ್ಸಿಗೆ ಅನ್ವಯಿಸುತ್ತದೆ, ರಸ್ತೆಯ ಆಂಬುಲೆನ್ಸಿಗಿಲ್ಲ. ನಿಮ್ಮ ಊರಿನ ಆಂಬುಲೆನ್ಸ್ ಸೇವೆ ನಿಮ್ಮ ವಿಮೆಯ ಜಾಲದಲ್ಲಿದೆಯೇ ಎಂದು ವಿಮಾ ಕಂಪನಿಗೆ ಫೋನು ಮಾಡಿ ಕೇಳಿ, ಉತ್ತರವನ್ನು ಇಮೇಲಿನಲ್ಲಿ ತರಿಸಿಕೊಳ್ಳಿ. ಮನೆಯ ಆಫರ್ ಪತ್ರ ಅದಾದ ಮೇಲೆ.