ಕಲಬುರಗಿ ಬಿಸಿಲು ಕಂಡವರಿಗೆ ಸ್ಪೇನ್ ಬಿಸಿಲು ಯಾವ ಲೆಕ್ಕ ಅಂತೀರಾ?

ಏಪ್ರಿಲ್ ಬಂತೆಂದರೆ ಒಂದೇ ತರಹದ ಪ್ರಶ್ನೆಗಳು ಶುರುವಾಗುತ್ತವೆ. ರಜೆಗೆ ಸ್ಪೇನ್, ಗ್ರೀಸ್, ಇಟಲಿ ಕಡೆ ಹೊರಟವರು ಚರ್ಮಕ್ಕೆ ಏನೇನು ತಗೊಂಡು ಹೋಗಬೇಕು ಅಂತ ಕೇಳುತ್ತಾರೆ. ಕೇಳುವುದು ಒಳ್ಳೆಯದೇ. ಆದರೆ ಅರ್ಧ ಜನ ಯಾವುದೋ ವಿಡಿಯೋ ನೋಡಿ ಮೊದಲೇ ತೀರ್ಮಾನ ಮಾಡಿಕೊಂಡು, ನನ್ನಿಂದ ಹೂಂ ಅನ್ನಿಸಿಕೊಳ್ಳೋಕೆ ಮಾತ್ರ ಬರೆಯುತ್ತಾರೆ. ಅವರಿಗೆ ಈ ಸಲ ಬೇಜಾರಾಗಬಹುದು. ಪಾಸ್‌ಪೋರ್ಟ್, ಇನ್ಶೂರೆನ್ಸ್, ಚಾರ್ಜರ್ ಬಗ್ಗೆ ನಾನು ಹೇಳುವುದಿಲ್ಲ. ಚರ್ಮದ ವೈದ್ಯನಾಗಿ ಹೇಳಬೇಕಾದ್ದು ಮಾತ್ರ ಹೇಳುತ್ತೇನೆ.

ಪ್ರಶ್ನೆ: ಜುಲೈ ಮೊದಲ ವಾರ ಸ್ಪೇನ್‌ಗೆ ಹೊರಟಿದ್ದೇವೆ. ಸೆವಿಲ್, ಕಾರ್ಡೋಬಾ, ಗ್ರನಾಡಾ, ಕೊನೆಗೆ ಎರಡು ದಿನ ಸಮುದ್ರ ತೀರ. ನಾವು ಕಲಬುರಗಿಯವರು, 43 ಡಿಗ್ರಿ ನೋಡಿ ಬೆಳೆದವರು. ನಮ್ಮ ಕಪ್ಪು ಚರ್ಮಕ್ಕೂ ಸನ್‌ಸ್ಕ್ರೀನ್ ಬೇಕಾ? ಲಗೇಜ್‌ನಲ್ಲಿ ಏನಿರಬೇಕು?

ಒಂದು ಮಾತು ಕೇಳುತ್ತೇನೆ. ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ನೀವು ಕಲಬುರಗಿಯಲ್ಲಿ ಎಲ್ಲಿರುತ್ತೀರಿ? ಮನೆಯೊಳಗೆ, ಫ್ಯಾನ್ ಕೆಳಗೆ. ಹೊರಗೆ ಹೋಗಲೇಬೇಕಾದರೆ ತಲೆಗೆ ಟವೆಲ್ ಸುತ್ತುತ್ತೀರಿ, ಹೆಣ್ಣುಮಕ್ಕಳು ಸೆರಗೋ ವೇಲೋ ಮುಖಕ್ಕೆ ಮುಚ್ಚಿಕೊಳ್ಳುತ್ತಾರೆ. ಅದೇ ಜನ ಸೆವಿಲ್‌ಗೆ ಹೋದಾಗ ಅದೇ ಹೊತ್ತಿನಲ್ಲಿ ಚಡ್ಡಿ, ತೋಳಿಲ್ಲದ ಟಾಪ್ ಹಾಕಿಕೊಂಡು ಪ್ಲಾಜಾ ದೆ ಎಸ್ಪಾನ್ಯಾದ ಬಯಲಲ್ಲಿ ಫೋಟೋಗೆ ನಿಲ್ಲುತ್ತಾರೆ. ನಿಮ್ಮನ್ನು ಇಷ್ಟು ವರ್ಷ ಕಾಪಾಡಿದ್ದು ಊರಿನ ರೂಢಿ. ಅದನ್ನು ಮನೆಯಲ್ಲೇ ಬಿಟ್ಟು ಚರ್ಮ ಒಂದನ್ನೇ ಹೊತ್ತುಕೊಂಡು ಹೋದರೆ ಅದು ಏನು ತಾನೇ ಮಾಡೀತು?

ಯುರೋಪ್ ಅಂದರೆ ತಣ್ಣಗಿರುತ್ತೆ ಅನ್ನುವ ಕಲ್ಪನೆ ಬೇರೆ. ಸೆವಿಲ್‌ನಲ್ಲಿ ಜುಲೈ ತಿಂಗಳ ಸರಾಸರಿ ಗರಿಷ್ಠ ತಾಪಮಾನವೇ 36 ಡಿಗ್ರಿ ಆಸುಪಾಸು, 40 ದಾಟುವ ದಿನಗಳು ಅಪರೂಪವೇನಲ್ಲ. ಕಾರ್ಡೋಬಾ ಪ್ರಾಂತ್ಯದ ಲಾ ರಾಂಬ್ಲಾ ಅನ್ನುವ ಊರಲ್ಲಿ 2021ರ ಆಗಸ್ಟ್ 14ರಂದು 47.6 ಡಿಗ್ರಿ ದಾಖಲಾಗಿದೆ. ಚಂಡಮಾರುತಕ್ಕೆ ಹೆಸರಿಡುವ ಹಾಗೆ ಸೆವಿಲ್ ನಗರ ಬಿಸಿಗಾಳಿಗೂ ಹೆಸರಿಡಲು ಶುರು ಮಾಡಿದೆ, 2022ರ ಜುಲೈನಲ್ಲಿ ಬಂದ ಮೊದಲನೆಯದಕ್ಕೆ ಜೋಯೆ ಅಂತ ಹೆಸರು. ಅಲ್ಲಿಯವರು ಬಿಸಿಲನ್ನು ಇಷ್ಟು ಗಂಭೀರವಾಗಿ ತಗೊಂಡಿರುವಾಗ ನಾಲ್ಕು ದಿನಕ್ಕೆ ಹೋಗುವ ನೀವು ಲಘುವಾಗಿ ತಗೊಳ್ಳಬೇಡಿ.

ಈಗ ಯಾರೂ ಹೇಳದ ವಿಷಯ, ಗಡಿಯಾರದ್ದು. ಸ್ಪೇನ್ ದೇಶ ಭೂಪಟದಲ್ಲಿ ಇಂಗ್ಲೆಂಡಿನ ನೇರಕ್ಕೆ ಬರುತ್ತದೆ, ಆದರೆ 1940ರಿಂದ ಜರ್ಮನಿಯ ಸಮಯ ಇಟ್ಟುಕೊಂಡಿದೆ. ಬೇಸಿಗೆಯಲ್ಲಿ ಅದರ ಮೇಲೆ ಇನ್ನೊಂದು ಗಂಟೆ ಮುಂದೆ. ಇದರಿಂದ ಏನಾಗುತ್ತದೆ? ಬೆಂಗಳೂರಲ್ಲಿ ಹನ್ನೆರಡೂ ಕಾಲರ ಸುಮಾರಿಗೆ ಸೂರ್ಯ ಅತಿ ಎತ್ತರದಲ್ಲಿದ್ದರೆ, ಜುಲೈನ ಸೆವಿಲ್‌ನಲ್ಲಿ ಅದು ಎರಡೂವರೆಗೆ. ಅಂದರೆ ನಾವು ಯಾವಾಗಲೂ ಹೇಳುವ 'ಹತ್ತರಿಂದ ನಾಲ್ಕರವರೆಗೆ ಬಿಸಿಲಿಗೆ ಹೋಗಬೇಡಿ' ಅನ್ನುವ ಮಾತು ಅಲ್ಲಿಗೆ 'ಹನ್ನೆರಡರಿಂದ ಆರರವರೆಗೆ' ಅಂತ ಬದಲಾಗುತ್ತದೆ. ಊಟ ಮುಗಿಸಿ, ಒಂದು ನಿದ್ದೆ ತೆಗೆದು, 'ಬಿಸಿಲು ಇಳಿದಿರುತ್ತೆ' ಅಂತ ನಾಲ್ಕು ಗಂಟೆಗೆ ಹೊರಟವರೇ ಕೆಂಡದಂಥ ಬಿಸಿಲಿಗೆ ಸಿಕ್ಕಿಬೀಳುವುದು, ಯಾಕೆಂದರೆ ಅಲ್ಲಿನ ಸೆಕೆ ಸಂಜೆ ಐದಾರು ಗಂಟೆಗೆ ತುದಿ ಮುಟ್ಟುತ್ತದೆ. ಬೆಳಿಗ್ಗೆ ಹನ್ನೆರಡರೊಳಗೆ ಹೊರಗಿನ ಜಾಗ ನೋಡಿ ಮುಗಿಸಿ, ಆಮೇಲೆ ಒಳಗಿರಿ, ಏಳರ ಮೇಲೆ ಮತ್ತೆ ಹೊರಡಿ. ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂ ಮುಕ್ಕಾಲಿಗೆ, ನಿಮಗೆ ಹೊತ್ತು ಕಮ್ಮಿಯಾಗುವುದಿಲ್ಲ. ಗ್ರನಾಡಾದ ಹಳೆಯ ಅರಮನೆ ಅಲ್ಹಾಂಬ್ರಾಕ್ಕೆ ಟಿಕೆಟ್ ಸಮಯ ನಿಗದಿ ಮಾಡಿ ಕೊಡುತ್ತಾರೆ, ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳಿ. ಅಲ್ಲಿ ತೋಟ, ಅಂಗಳ ಅಂತ ಬಯಲಲ್ಲೇ ಗಂಟೆಗಟ್ಟಲೆ ನಡೆಯಬೇಕು.

ಇನ್ನು ಕಪ್ಪು ಚರ್ಮದ ಮಾತು. ಹೌದು, ನಮ್ಮ ಚರ್ಮದಲ್ಲಿ ಬಣ್ಣ ಕೊಡುವ ಮೆಲನಿನ್ ಜಾಸ್ತಿ, ಬಿಳಿಯರಷ್ಟು ಬೇಗ ಸುಟ್ಟು ಸಿಪ್ಪೆ ಏಳುವುದಿಲ್ಲ, ಚರ್ಮದ ಕ್ಯಾನ್ಸರ್ ಕೂಡ ಕಮ್ಮಿ. ಆದರೆ ನಮ್ಮ ಚರ್ಮ ಸಿಟ್ಟು ತೀರಿಸಿಕೊಳ್ಳುವ ರೀತಿಯೇ ಬೇರೆ, ಅದು ಕಪ್ಪು ಕಲೆ ಬಿಡುತ್ತದೆ. ಕೆನ್ನೆ ಮೇಲೆ ಬಂಗು ಇರುವ ಹೆಂಗಸರು ಆರು ತಿಂಗಳು ಚಿಕಿತ್ಸೆ ಮಾಡಿಸಿ ತಿಳಿಯಾಗಿಸಿಕೊಂಡಿದ್ದು ಒಂದು ವಾರದ ಟ್ರಿಪ್‌ನಲ್ಲಿ ವಾಪಸ್ ಬರುತ್ತದೆ. ಇದನ್ನು ಪ್ರತಿ ಆಗಸ್ಟ್‌ನಲ್ಲೂ ನೋಡುತ್ತೇನೆ, ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ. ಬಂಗು ಇದ್ದವರು ಬಣ್ಣವಿರುವ, ಅಂದರೆ ಟಿಂಟೆಡ್ ಸನ್‌ಸ್ಕ್ರೀನ್ ತಗೊಳ್ಳಿ. ಅದರಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ. ಬಂಗು ಏಳಿಸುವುದರಲ್ಲಿ ಆ ಬೆಳಕಿನ ಪಾಲೂ ಇದೆ.

ಲಗೇಜ್‌ಗೆ ಬರೋಣ. ಬಟ್ಟೆ ಮೊದಲು, ಕ್ರೀಮ್ ಆಮೇಲೆ. ತುಂಬುತೋಳಿನ ಸಡಿಲವಾದ ಕಾಟನ್ ಅಂಗಿ, ಕುರ್ತಾ, ಒತ್ತಾದ ನೇಯ್ಗೆಯದು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಆಚೆ ಬದಿ ಚೆನ್ನಾಗಿ ಕಂಡರೆ ಬಿಸಿಲೂ ಹಾಗೇ ಒಳಗೆ ಬರುತ್ತದೆ. ಸುತ್ತಲೂ ಅಂಚಿರುವ ಟೋಪಿ ಬೇಕು. ಕ್ರಿಕೆಟ್ ಕ್ಯಾಪ್ ಕಿವಿ, ಕತ್ತು ಎರಡನ್ನೂ ಬಿಟ್ಟುಬಿಡುತ್ತದೆ. ಮಡಚುವ ಕೊಡೆ ಖಂಡಿತ ಇಟ್ಟುಕೊಳ್ಳಿ. ಅಲ್ಲಿ ಯಾರೂ ಹಿಡಿಯಲ್ಲ ಅಂತ ನಾಚಿಕೆ ಪಡುವುದೇನಿದೆ? ಸೆವಿಲ್‌ನವರು ಬೇಸಿಗೆಯಲ್ಲಿ ಪೇಟೆಬೀದಿಗೇ ಆ ಕಡೆಯಿಂದ ಈ ಕಡೆಗೆ ಬಟ್ಟೆ ಚಪ್ಪರ ಕಟ್ಟುತ್ತಾರೆ, ನೆರಳಿನ ಬೆಲೆ ಅವರಿಗೆ ಗೊತ್ತು. ಕೂಲಿಂಗ್ ಗ್ಲಾಸ್ ಮೇಲೆ ಯುವಿ 400 ಅಂತ ಇರಲಿ, ಕಪ್ಪಗಿದ್ದ ಮಾತ್ರಕ್ಕೆ ಸಾಲದು. ಬರೀ ಪಟ್ಟಿ ಚಪ್ಪಲಿ ಹಾಕಿಕೊಂಡು ಇಡೀ ದಿನ ನಡೆದವರ ಪಾದದ ಮೇಲೆ ಪಟ್ಟಿ ಗುರುತು ದೀಪಾವಳಿವರೆಗೂ ಹೋಗುವುದಿಲ್ಲ. ಮುಚ್ಚಿದ, ಗಾಳಿಯಾಡುವ ಶೂ ಒಂದು ಜೊತೆ ಇರಲಿ.

ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ 50 ಸಾಕು. ಚರ್ಮ ಸುಡುವ ಕಿರಣದಲ್ಲಿ ನೂರಕ್ಕೆ 30 ಸುಮಾರು 97 ಭಾಗ ತಡೆದರೆ 50 ಸುಮಾರು 98 ಭಾಗ, ಅಷ್ಟೇ ವ್ಯತ್ಯಾಸ. ಎಡವುವುದು ಹಚ್ಚುವ ಅಳತೆಯಲ್ಲಿ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿ, ಮುಖ ಕತ್ತಿಗೆ ಅಷ್ಟೂ ಬೇಕು. ಕಡಲೆಬೇಳೆ ಗಾತ್ರ ತಗೊಂಡು ತಿಕ್ಕಿದರೆ ಡಬ್ಬಿ ಮೇಲೆ ಬರೆದ ನಂಬರ್‌ನ ಅರ್ಧವೂ ಸಿಗುವುದಿಲ್ಲ. ಬೀಚ್‌ನಲ್ಲಿ ಮೈಯೆಲ್ಲಾ ಹಚ್ಚಲು ಒಬ್ಬರಿಗೆ ಒಂದು ಸಲಕ್ಕೆ 30 ಎಂಎಲ್ ಹೋಗುತ್ತದೆ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ನೀರಿಂದ ಎದ್ದು ಒರೆಸಿಕೊಂಡಾಗಲೂ ಹಚ್ಚಬೇಕು. ನಾಲ್ಕು ಜನಕ್ಕೆ 50 ಗ್ರಾಂ ಟ್ಯೂಬ್ ಒಂದು ಒಯ್ದರೆ ಯಾವ ಲೆಕ್ಕಕ್ಕೆ ಬಂತು ನೀವೇ ಹೇಳಿ. ಕಿವಿ, ಬೈತಲೆ, ಕತ್ತಿನ ಹಿಂಭಾಗ, ಪಾದದ ಮೇಲ್ಭಾಗ ಎಲ್ಲರೂ ಮರೆಯುವ ಜಾಗ. ಎರಡು ದಿನಕ್ಕಾಗುವಷ್ಟು ಇಲ್ಲಿಂದ ಒಯ್ಯಿರಿ, ಉಳಿದದ್ದನ್ನು ಅಲ್ಲೇ ಕೊಳ್ಳಿ. ಹಸಿರು ಪ್ಲಸ್ ಗುರುತಿನ ದೀಪ ಇರುವ ಅಂಗಡಿಯೇ ಫಾರ್ಮಸಿ. ಡಬ್ಬಿ ಮೇಲೆ ವೃತ್ತದೊಳಗೆ ಯುವಿಎ, ಅಂದರೆ ಚರ್ಮದ ಆಳಕ್ಕೆ ಇಳಿಯುವ ಬಿಸಿಲಿನ ಕಿರಣದ ಹೆಸರು, ಬರೆದಿರಬೇಕು. ವಿಮಾನದಲ್ಲಿ ಕೈಚೀಲಕ್ಕೆ 100 ಎಂಎಲ್ ಮೀರದ ಡಬ್ಬಿ ಮಾತ್ರ ಹಾಕಿ.

ಮಾತ್ರೆಗಳ ಚೀಲ ಒಮ್ಮೆ ತೆರೆದು ನೋಡಿ. ಮೊಡವೆಗೆ ಡಾಕ್ಸಿಸೈಕ್ಲಿನ್, ಬಿಪಿಗೆ ಹೈಡ್ರೋಕ್ಲೋರೋಥಯಜೈಡ್ ತಗೊಳ್ಳುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಹಾಗಂತ ಸುಮ್ನೆ ನಿಲ್ಲಿಸಿಬಿಡಬೇಡಿ, ಬರೆದುಕೊಟ್ಟ ಡಾಕ್ಟರನ್ನು ಕೇಳಿ. ಓಆರ್‌ಎಸ್ ಪುಡಿ ಪೊಟ್ಟಣ ನಾಲ್ಕಾರು ಇರಲಿ. ಬಿಸಿಲಲ್ಲಿ ಯಾರಾದರೂ ತಡವರಿಸಿ ಮಾತಾಡಿದರೆ, ಗೊಂದಲಕ್ಕೆ ಬಿದ್ದರೆ ಹೋಟೆಲ್‌ಗೆ ಕರೆದುಕೊಂಡು ಹೋಗುವುದಲ್ಲ, ನೆರಳಿಗೆ ತಂದು ಮೈಗೆ ನೀರು ಹಾಕುತ್ತಲೇ 112ಕ್ಕೆ ಫೋನ್ ಮಾಡಿ.

ಪ್ರಶ್ನೆ: ಹೊರಡುವ ಮೊದಲು ಬೆಳ್ಳಗಾಗಲು ಅಂತ ಕೊಡುವ ಗ್ಲುಟಾಥಿಯೋನ್ ಇಂಜೆಕ್ಷನ್ ತಗೊಂಡರೆ ಟ್ಯಾನ್ ಆಗಲ್ವಂತೆ, ಹೌದಾ?

ಇಲ್ಲ. ಹಾಗೆ ಹೇಳಿ ನರಕ್ಕೆ ಚುಚ್ಚುವವರ ಹತ್ತಿರ ಬಿಸಿಲಿಗಲ್ಲ, ಯಾವುದಕ್ಕೂ ಹೋಗಬೇಡಿ.

ಪ್ರಶ್ನೆ: ಕೆಮಿಕಲ್ ಬೇಡ ಅಂತ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳೋಣ ಅಂತಿದ್ದೇವೆ. ಸಾಕಲ್ವಾ?

ತಲೆಗೆ ಹಚ್ಚಿ. ಬಿಸಿಲು ತಡೆಯಲು ಅದು ಸಾಲದು.

ಪ್ರಶ್ನೆ: ಟ್ಯಾನ್ ತೆಗೆಯಲು ಬೀಚಲ್ಲೇ ನಿಂಬೆಹಣ್ಣು ತಿಕ್ಕಬಹುದಾ?

ಬೇಡವೇ ಬೇಡ. ನಿಂಬೆರಸ ಇರುವ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ, ಆಮೇಲೆ ತಿಂಗಳುಗಟ್ಟಲೆ ಕಪ್ಪು ಗೆರೆ ಉಳಿಯುತ್ತದೆ. ಶರಬತ್ತು ಹಿಂಡಿದ ಕೈಯನ್ನೂ ತೊಳೆದುಕೊಂಡೇ ಬಿಸಿಲಿಗೆ ಹೋಗಿ.

ಪ್ರಶ್ನೆ: ಐದು ತಿಂಗಳ ಮಗುವಿಗೆ ಯಾವ ಸನ್‌ಸ್ಕ್ರೀನ್?

ಆರು ತಿಂಗಳೊಳಗಿನ ಮಗುವಿಗೆ ನೆರಳು, ಬಟ್ಟೆ, ಟೋಪಿ. ಜುಲೈ ಬಿಟ್ಟು ಬೇರೆ ತಿಂಗಳು ಹೋಗಲು ಆಗುತ್ತಾ ನೋಡಿ.

ಪ್ರಶ್ನೆ: ಮದುವೆಗೆ ಮುಂಚೆ ಪಾರ್ಲರ್‌ನಲ್ಲಿ ಒಂದು ಕ್ರೀಮ್ ಕೊಟ್ಟರು, ಡಬ್ಬಿ ಮೇಲೆ ಹೆಸರಿಲ್ಲ. ಮೂರೇ ವಾರದಲ್ಲಿ ಮುಖ ಬೆಳ್ಳಗಾಯಿತು. ಹನಿಮೂನ್‌ಗೆ ಗ್ರೀಸ್‌ಗೆ ಹೋಗುವಾಗಲೂ ಅದನ್ನೇ ಒಯ್ಯಲಾ?

ಮೂರು ವಾರದಲ್ಲಿ ಮುಖ ಬೆಳ್ಳಗೆ ಮಾಡುವ ಹೆಸರಿಲ್ಲದ ಡಬ್ಬಿ ಅಂದರೆ ನನ್ನ ಮೊದಲ ಅನುಮಾನ ಸ್ಟೀರಾಯ್ಡ್. ಕ್ಲೋಬೆಟಸಾಲ್, ಬೆಟಾಮೆಥಾಸೋನ್, ಮೊಮೆಟಸೋನ್, ಇಂಥವು. ಇವು ಖಾಯಿಲೆಗೆ ಒಳ್ಳೆಯ ಔಷಧಿಗಳು, ಬಣ್ಣಕ್ಕೆ ಅಲ್ಲ. ವೈದ್ಯರ ಚೀಟಿ ಇಲ್ಲದೆ ಇಂಥ ಕ್ರೀಮ್ ಮಾರಬಾರದು ಅಂತ 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿದೆ, ಆದರೂ ಹೆಣ್ಣುಮಕ್ಕಳ ಮುಖಕ್ಕೆ ಇದನ್ನು ಬಳಿದು ದುಡ್ಡು ಮಾಡುವವರು ನಿಂತಿಲ್ಲ. ದಿನಾ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಸಣ್ಣ ರಕ್ತನಾಳ ಕೆಂಪಗೆ ಕಾಣುತ್ತವೆ, ಮೊಡವೆ ಏಳುತ್ತದೆ, ಕೂದಲು ಬೆಳೆಯುತ್ತದೆ. ಅಂಥ ಮುಖ ಹೊತ್ತು ಗ್ರೀಸ್‌ನ ಬಿಳಿ ಗೋಡೆ, ಮರಳು, ಸಮುದ್ರದ ನಡುವೆ ನಿಂತರೆ ಬೆಳಕು ಮೇಲಿಂದಷ್ಟೇ ಅಲ್ಲ, ಎಲ್ಲ ಕಡೆಯಿಂದಲೂ ಬೀಳುತ್ತದೆ, ಉರಿ ತಡೆಯಲಾಗುವುದಿಲ್ಲ. ಹಾಗಂತ ಇವತ್ತೇ ನಿಲ್ಲಿಸಿದರೆ ಮುಖ ಕೆಂಪಾಗಿ ಊದಿಕೊಳ್ಳಬಹುದು. ಆಗ ಹೆದರಿ ಮತ್ತೆ ಅದನ್ನೇ ಹಚ್ಚುತ್ತೀರಿ, ಎಲ್ಲರೂ ಹಾಗೇ ಮಾಡುವುದು. ನಿಲ್ಲಿಸುವುದಕ್ಕೂ ಒಂದು ಕ್ರಮ ಇದೆ, ಅದಕ್ಕೆ ವಾರಗಳು ಬೇಕು, ಟಿಕೆಟ್ ದಿನಾಂಕ ನೋಡಿಕೊಂಡು ಅದು ನಡೆಯುವುದಿಲ್ಲ. ಈ ವಾರವೇ ಹತ್ತಿರದ ಚರ್ಮವೈದ್ಯರ ಹತ್ತಿರ ಹೋಗಿ. ಡಬ್ಬಿಯನ್ನು ಎಸೆಯಬೇಡಿ, ಜೊತೆಗೇ ಒಯ್ದು ಅವರಿಗೆ ತೋರಿಸಿ.